ನಲವತ್ತೆರಡಕ್ಕೆ ಮತ್ತೆ ಹಾಲ್ ಟಿಕೆಟ್

(ಧಾರವಾಡದಲ್ಲಿ ಕಾಲೇಜು ಕಚೇರಿಗಳ ಸಿಬ್ಬಂದಿ ಮತ್ತು ಕೆಲವು ಅಧ್ಯಾಪಕರು ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳಿವು. ಆಮೇಲೆ ಕೂತು ಬರೆದಿದ್ದೇನೆ. ಮೈಕ್ ಕೈಕೊಟ್ಟಾಗ ಕೂಗಿ ಹೇಳಿದ್ದನ್ನು ಬಿಟ್ಟಿದ್ದೇನೆ. ಅವತ್ತು ಮರೆತು, ಬಸ್ಸಿನಲ್ಲಿ ನೆನಪಾದ ಒಂದೆರಡು ಸಂಗತಿ ಸೇರಿಸಿದ್ದೇನೆ.)

ನಿಮ್ಮಲ್ಲಿ ಟಿ.ಸಿ. ಬರೆಯುವವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ.

ಬಹಳ ಜನ ಇದ್ದೀರಿ. ಹಾಗಾದರೆ ನನ್ನ ಕೆಲಸ ಸುಲಭ. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಕು, ಸೇರಿದ ತಾರೀಕು ಎಲ್ಲ ತುಂಬಿದ ಮೇಲೆ ಕೆಳಗೆ ಒಂದು ಕಾಲಂ ಬರುತ್ತದಲ್ಲ, ‘ಕಾಲೇಜು ಬಿಟ್ಟ ಕಾರಣ’ ಅಂತ. ಅಲ್ಲಿ ಏನು ಬರೆಯುತ್ತೀರಿ?

(‘ಪಾಲಕರ ವಿನಂತಿ ಮೇರೆಗೆ’ ಅಂತ ಹಿಂದಿನ ಸಾಲಿನಿಂದ ಒಂದು ದನಿ ಬಂತು. ಎಲ್ಲರೂ ನಕ್ಕರು.)

ನಾನೂ ಅದನ್ನೇ ಬರೆದವಳು. ಗದಗಿನ ಒಂದು ಅನುದಾನಿತ ಕಾಲೇಜಿನ ಕಚೇರಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ, ಅದೇ ಟೇಬಲ್ಲು, ಅದೇ ಕಿಟಕಿ. ಡಿಗ್ರಿ ಮುಗಿಸಿದವರಿಗೆ ‘ವ್ಯಾಸಂಗ ಪೂರ್ಣಗೊಂಡಿದೆ’. ನಡುವೆ ಬಿಟ್ಟವರಿಗೆ ‘ಪಾಲಕರ ವಿನಂತಿ ಮೇರೆಗೆ’. ಮದುವೆಯಾಗಿ ಹೋದವಳಿಗೂ ಅದೇ. ಹುಬ್ಬಳ್ಳಿಯ ಗೋಡೌನಿನಲ್ಲಿ ಲೆಕ್ಕ ಬರೆಯಲು ಹೋದವನಿಗೂ ಅದೇ. ಐದು ವಿಷಯ ಬ್ಯಾಕ್ ಉಳಿಸಿಕೊಂಡು, ಮುಖ ತೋರಿಸಲಾರದೆ ಅಪ್ಪನನ್ನು ಕಳಿಸಿದವನಿಗೂ ಅದೇ. ಕೈ ತಾನಾಗೇ ಬರೆಯುತ್ತಿತ್ತು. ತಲೆ ಬೇಕಾಗಿರಲಿಲ್ಲ.

ನಲವತ್ತು ದಾಟಿದ ಮೇಲೆ ಮತ್ತೆ ಓದಿದ ಅನುಭವ ಹೇಳಿ ಅಂತ ನನ್ನನ್ನು ಕರೆದಿದ್ದೀರಿ. ಹೇಳುತ್ತೇನೆ. ಆದರೆ ನಲವತ್ತರ ಮೇಲೆ ಓದಿದವರು ಈ ಊರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ನಾನು ಓದಿದ ವಿಷಯ ಮಾತ್ರ ಸ್ವಲ್ಪ ವಿಚಿತ್ರದ್ದು. ಎಂ.ಎ. ಶಿಕ್ಷಣ, ಅದರಲ್ಲಿ ವಿಶೇಷ ವಿಷಯ ಉನ್ನತ ಶಿಕ್ಷಣ. ಅಂದರೆ ಕಾಲೇಜಿನ ಬಗ್ಗೆಯೇ ಓದು. ಮನೆಯಲ್ಲಿ ಹೇಳಿದಾಗ ನಮ್ಮ ಅತ್ತೆ, ‘ದಿನಾ ಕಾಲೇಜಿನ್ಯಾಗ ಇರ್ತಿ, ಮತ್ತ ಅದರ ಬಗ್ಗೆ ಏನ್ ಓದ್ತಿಯವಾ?’ ಅಂದರು. ಆಗ ಉತ್ತರ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ನಾವು ದಿನಾ ಜೋಳದ ರೊಟ್ಟಿ ತಿನ್ನುತ್ತೇವೆ. ಹಾಗಂತ ಜೋಳದ ಬಗ್ಗೆ ಓದುವುದು ಬೇಡ ಅಂತ ಯಾರೂ ಅನ್ನಲಿಲ್ಲ. ಅದಕ್ಕೆ ಇದೇ ಧಾರವಾಡದಲ್ಲಿ 1986ರಿಂದ ಒಂದು ಕೃಷಿ ವಿಶ್ವವಿದ್ಯಾಲಯವೇ ಇದೆ.

ಯಾಕೆ ಈ ವಿಷಯ ಅಂತ ಕೇಳಿದರೆ, ಒಬ್ಬ ತಂದೆಯ ಒಂದು ಪ್ರಶ್ನೆ ಕಾರಣ.

2021ರ ಪ್ರವೇಶದ ಸಮಯ. ಕೋವಿಡ್‌ನ ಎರಡನೇ ಅಲೆ ಆಗಷ್ಟೇ ಇಳಿದಿತ್ತು. ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಡಿಗ್ರಿ ಕಾಲೇಜುಗಳಿಗೆ ತಂದ ಮೊದಲ ರಾಜ್ಯ ನಮ್ಮದೇ. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. ನಾವೇ ಇನ್ನೂ ಸುತ್ತೋಲೆ ಓದಿ ಮುಗಿಸಿರಲಿಲ್ಲ. ಕಿಟಕಿಯ ಆ ಕಡೆ ಒಬ್ಬರು, ಮುಂಡರಗಿ ಕಡೆಯವರು, ಮಗಳ ಅರ್ಜಿ ಹಿಡಿದು ನಿಂತಿದ್ದರು. ‘ಮೊದಲು ಮೂರು ವರ್ಷ ಇತ್ತಲ್ರಿ, ಈಗ ನಾಕ್ ಯಾಕ್ರಿ?’ ಅಂದರು. ‘ಮೇಲಿಂದ ಆರ್ಡರ್ ಬಂದಿದೆ’ ಅಂದೆ. ನಾವೆಲ್ಲ ಹೇಳುವುದು ಅದನ್ನೇ ಅಲ್ವಾ. ಅವರು ಸಿಟ್ಟಾಗಲಿಲ್ಲ. ನಿಜವಾಗಲೂ ತಿಳಿದುಕೊಳ್ಳುವವರ ಹಾಗೆ ಕೇಳಿದರು: ‘ಮ್ಯಾಲಿಂದ ಅಂದ್ರ ಯಾರ್ರೀ?’

ನನಗೆ ಗೊತ್ತಿರಲಿಲ್ಲ. ಕಾಲೇಜು ಶಿಕ್ಷಣ ಇಲಾಖೆಯೋ, ವಿಶ್ವವಿದ್ಯಾಲಯವೋ, ಯುಜಿಸಿಯೋ, ದಿಲ್ಲಿಯೋ? ಹದಿನೇಳು ವರ್ಷ ಕೆಲಸ ಮಾಡಿದ ಜಾಗದ ‘ಮೇಲೆ’ ಯಾರಿದ್ದಾರೆ ಅಂತ ಹೇಳಲು ಬರಲಿಲ್ಲ. ಹಿಂದೆ ಸಾಲು ಬೆಳೆದಿತ್ತು. ‘ಮುಂದಿನವರು ಬನ್ನಿ’ ಅಂದುಬಿಟ್ಟೆ.

ಮರುವರ್ಷ, 2022ರಲ್ಲಿ, ದೂರಶಿಕ್ಷಣದಲ್ಲಿ ಅರ್ಜಿ ಹಾಕಿದೆ.

ಅರ್ಜಿ ಹಾಕುವುದೇ ಒಂದು ಕೋರ್ಸ್ ಆಯಿತು. ಇಪ್ಪತ್ತು ವರ್ಷ ಹಳೆಯ ಕಾಗದ ಬೇಕಿತ್ತು. ಹೆಸರಿನಲ್ಲಿ ಫರಕು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಡಿಗ್ರಿಯಲ್ಲಿ ಕೊನೆಗೆ, ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರು. ನಮ್ಮ ಕಡೆ ಈ ಗೋಳು ಹೆಂಗಸರಿಗೆಲ್ಲ ಗೊತ್ತು. ಒಂದು ಕಚೇರಿಗೆ ಹೋಗಿ ನಿಂತೆ. ಯಾವ ಕಚೇರಿ ಅಂತ ಕೇಳಬೇಡಿ, ನಮ್ಮ ಕಚೇರಿಗೂ ಅದಕ್ಕೂ ಜಾಸ್ತಿ ವ್ಯತ್ಯಾಸವೇನೂ ಇರಲಿಲ್ಲ. ಅದೇ ಕಬ್ಬಿಣದ ಸರಳು, ಒಳಗೆ ಅದೇ ಹಸಿರು ರೆಕ್ಸಿನ್ ಹಾಸಿದ ಟೇಬಲ್ಲು. ಮೊದಲ ದಿನ ‘ಸಾಹೇಬ್ರು ಇಲ್ಲ’. ಎರಡನೇ ದಿನ ‘ಹಳೇ ರಜಿಸ್ಟರ್ ಮೇಲಿನ ಕೋಣ್ಯಾಗ ಅದ, ನಾಳೆ ಬರ್ರಿ’. ಮೂರನೇ ದಿನ ನಾನು ‘ನನ್ನ ಅರ್ಜಿಯ ಇನ್‌ವರ್ಡ್ ನಂಬರ್ ಕೊಡಿ’ ಅಂದೆ. ಬಂದ ಅರ್ಜಿಯನ್ನು ಕಚೇರಿಯ ರಜಿಸ್ಟರಿಗೆ ಹತ್ತಿಸಿದಾಗ ಹಾಕುವ ನಂಬರ್ ಅದು. ಒಳಗಿದ್ದವರು ತಲೆ ಎತ್ತಿ ನೋಡಿದರು. ‘ಮೇಡಂ, ನೀವು ಯಾವ ಆಫೀಸು?’ ಅಂದರು. ಒಂದು ಗಂಟೆಯಲ್ಲಿ ಕೆಲಸ ಆಯಿತು.

ಕಾಗದ ಕೈಗೆ ಬಂದಾಗ ಖುಷಿಗಿಂತ ಕಸಿವಿಸಿಯೇ ಜಾಸ್ತಿ ಆಯಿತು. ಇನ್‌ವರ್ಡ್ ನಂಬರ್ ಅನ್ನುವ ಒಂದು ಮಾತು ಗೊತ್ತಿದ್ದಕ್ಕೆ ನನಗೆ ಮೂರೇ ದಿನ ಸಾಕಾಯಿತು. ನನ್ನ ಕಿಟಕಿಗೆ ಬರುವ ಹುಡುಗಿಗೆ ಆ ಮಾತು ಗೊತ್ತಿರುವುದಿಲ್ಲ. ಮುಂದೆ ಓದುವಾಗ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ ಸಿಕ್ಕರು. ಹಣದ ಹಾಗೆಯೇ ನುಡಿ, ನಡೆ, ತಿಳಿವಳಿಕೆ ಕೂಡ ಒಂದು ಬಂಡವಾಳ, ಅದು ಮನೆಯಿಂದ ಬರುತ್ತದೆ, ಶಾಲೆ ಕಾಲೇಜು ಅದನ್ನೇ ಬುದ್ಧಿವಂತಿಕೆ ಅಂತ ಎಣಿಸಿಬಿಡುತ್ತವೆ ಅನ್ನುತ್ತಾರೆ ಅವರು. ಆ ಅಧ್ಯಾಯ ಎಲ್ಲರಿಗೂ ಕಷ್ಟ ಅಂತ ಹೇಳುತ್ತಾರೆ. ನನಗೆ ಒಂದೇ ಓದಿಗೆ ಅರ್ಥವಾಯಿತು. ನನ್ನ ಹತ್ತಿರ ಇನ್‌ವರ್ಡ್ ನಂಬರ್ ಇತ್ತಲ್ಲ.

ಉಳಿದದ್ದೆಲ್ಲ ಅಷ್ಟು ಸುಲಭ ಇರಲಿಲ್ಲ. ಪುಸ್ತಕಗಳು ಇಂಗ್ಲಿಷಿನಲ್ಲಿ. ಬಿ.ಕಾಂ. ಮುಗಿಸಿ ಇಪ್ಪತ್ತೊಂದು ವರ್ಷ ನಾನು ಸುತ್ತೋಲೆ ಬಿಟ್ಟು ಬೇರೆ ಇಂಗ್ಲಿಷ್ ಓದಿರಲಿಲ್ಲ. ಕೆಲವು ಭಾನುವಾರ ಹುಬ್ಬಳ್ಳಿಯಲ್ಲಿ ಕ್ಲಾಸು. ಬೆಳಿಗ್ಗೆ ಗದಗಿನಿಂದ ರೈಲು. ಹುಲಕೋಟಿ ಬರುವಷ್ಟರಲ್ಲಿ ಎರಡು ಪುಟ, ಅಣ್ಣಿಗೇರಿಗೆ ಐದು. ಆಮೇಲೆ ನಿದ್ದೆ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು ಅಂತ ನಾವೆಲ್ಲ ಹೆಮ್ಮೆ ಪಡುತ್ತೇವೆ. ಕ್ಲಾಸಿಗೆ ತಡವಾದ ದಿನ ಅದನ್ನು ಈ ತುದಿಯಿಂದ ಆ ತುದಿಗೆ ಓಡಿ ನೋಡಿ, ಹೆಮ್ಮೆ ಇಳಿಯುತ್ತದೆ. ಅಸೈನ್‌ಮೆಂಟ್ ಕೈಯಲ್ಲೇ ಬರೆಯಬೇಕು. ಕೀಬೋರ್ಡಿಗೆ ಒಗ್ಗಿದ ಬೆರಳು ಮೂರನೇ ಪುಟಕ್ಕೆ ಸೆಟೆದುಕೊಳ್ಳುತ್ತಿತ್ತು. ಪರೀಕ್ಷೆಗೆ ಒಂದು ತಿಂಗಳು ಇರುವಾಗ ನಮ್ಮ ಮಗ, ಆಗ ಎಂಟನೇ ಕ್ಲಾಸು, ನನಗೆ ದಿನಾ ಒಂದು ಪುಟ ಶುದ್ಧಬರಹ ಬರೆಯುವ ಶಿಕ್ಷೆ ಹಾಕಿದ. ಅವನಿಗೆ ನಾನು ಕೊಡುತ್ತಿದ್ದ ಶಿಕ್ಷೆಯೇ ಅದು.

ಈಗ ಆ ತಂದೆಯ ಪ್ರಶ್ನೆಗೆ ಬರುತ್ತೇನೆ. ಮೇಲೆ ಅಂದರೆ ಯಾರು?

ಇದನ್ನು ಹುಡುಕಿದಾಗ ನನಗೆ ಸಿಕ್ಕಿದ್ದು ಮನುಷ್ಯರಿಗಿಂತ ಇಸವಿಗಳು. 1857ರಲ್ಲಿ ಕಲ್ಕತ್ತ, ಬಾಂಬೆ, ಮದ್ರಾಸಿನಲ್ಲಿ ಮೂರು ವಿಶ್ವವಿದ್ಯಾಲಯ ಆದವು. ಲಂಡನ್ ವಿಶ್ವವಿದ್ಯಾಲಯದ ಆಗಿನ ಮಾದರಿ ನೋಡಿಕೊಂಡು ಮಾಡಿದ್ದು. ಆ ಮಾದರಿಯಲ್ಲಿ ವಿಶ್ವವಿದ್ಯಾಲಯ ಪಾಠ ಮಾಡುವುದಿಲ್ಲ. ಪರೀಕ್ಷೆ ನಡೆಸುತ್ತದೆ, ಡಿಗ್ರಿ ಕೊಡುತ್ತದೆ. ಪಾಠ ಮಾಡುವುದು ಅದಕ್ಕೆ ಸೇರಿಕೊಂಡ ಕಾಲೇಜು. ಕಲಿಸುವವರು ಒಬ್ಬರು, ಪ್ರಶ್ನೆಪತ್ರಿಕೆ ತೆಗೆಯುವವರು ಇನ್ನೊಬ್ಬರು, ತಿದ್ದುವವರು ಮತ್ತೊಬ್ಬರು. ಲಂಡನ್ನಿನವರು ಆ ಪದ್ಧತಿಯಿಂದ ಯಾವತ್ತೋ ದೂರ ಬಂದರು. ನಾವು ಇವತ್ತಿಗೂ ಅಫಿಲಿಯೇಶನ್ ಫೈಲು ಕಟ್ಟುತ್ತಿದ್ದೇವೆ. ಎಲ್‌ಐಸಿ ಬರುತ್ತದೆ ಅಂದರೆ ಈ ಸಭೆಯಲ್ಲಿ ಯಾರಿಗೂ ವಿಮೆ ನೆನಪಾಗುವುದಿಲ್ಲ, ಕಾಲೇಜು ತಪಾಸಣೆಗೆ ವಿಶ್ವವಿದ್ಯಾಲಯ ಕಳಿಸುವ ಸಮಿತಿ ನೆನಪಾಗುತ್ತದೆ. ಗೋಡೆಗೆ ಸುಣ್ಣ, ಲೈಬ್ರರಿಗೆ ಪಕ್ಕದ ಕಾಲೇಜಿನಿಂದ ತಂದ ಪುಸ್ತಕ, ಇವೇ ನೆನಪಾಗುತ್ತವೆ. (ಇಲ್ಲಿ ಬಹಳ ಹೊತ್ತು ನಗು. ಅಧ್ಯಾಪಕರ ಸಾಲಿನಲ್ಲಿ ಸ್ವಲ್ಪ ಕಡಿಮೆ.)

ಆಗ ಧಾರವಾಡ ಬಾಂಬೆ ಪ್ರಾಂತ್ಯದಲ್ಲಿತ್ತು. ಕಾಲೇಜು ಓದಬೇಕೆಂದರೆ ಪುಣೆಗೋ ಮುಂಬೈಗೋ ಹೋಗಬೇಕು. ಬೇಂದ್ರೆಯವರು ಬಿ.ಎ. ಓದಿದ್ದೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮುಂತಾದವರು ಓಡಾಡಿ ಜನರಿಂದ ಹಣ ಕೂಡಿಸಿದ ಮೇಲೆ 1917ರಲ್ಲಿ ಕರ್ನಾಟಕ ಕಾಲೇಜು ಬಂತು, ನಮ್ಮ ಕೆಸಿಡಿ. ಆಗಲೂ ಪರೀಕ್ಷೆ ಬಾಂಬೆ ವಿಶ್ವವಿದ್ಯಾಲಯದ್ದೇ. ನಮ್ಮದೇ ಒಂದು ವಿಶ್ವವಿದ್ಯಾಲಯ ಆಗಿದ್ದು 1949ರಲ್ಲಿ. ಅದರ ಕಚೇರಿ ಕೂಡ ಮೊದಲು ತೆರೆದಿದ್ದು ಮುಂಬೈನಲ್ಲಿ, ಮರುವರ್ಷ ಧಾರವಾಡಕ್ಕೆ ಬಂತು. 1954ರಿಂದ 1967ರವರೆಗೆ ಡಿ.ಸಿ. ಪಾವಟೆಯವರು ಕುಲಪತಿ. ಕೇಂಬ್ರಿಜ್‌ನಲ್ಲಿ ಗಣಿತ ಓದಿದವರು. ಗುಡ್ಡದ ಮೇಲಿನ ಆ ದೊಡ್ಡ ಆವರಣಕ್ಕೆ ಪಾವಟೆನಗರ ಅಂತ ಹೆಸರು ಬಂದಿದ್ದು ಅವರಿಂದ.

ಆಮೇಲಿನದು ಅಣ್ಣತಮ್ಮಂದಿರ ಹೊಲದ ಪಾಲಿನ ಕಥೆ. 1980ರಲ್ಲಿ ಗುಲ್ಬರ್ಗ ಬೇರೆ ಆಯಿತು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. 2023ರಲ್ಲಿ ಹಾವೇರಿ. ಪಾಲಾಗುವುದು ತಪ್ಪಲ್ಲ. ಹಾವೇರಿಯ ಹುಡುಗಿ ಒಂದು ಮಾರ್ಕ್ಸ್ ಕಾರ್ಡ್ ತಿದ್ದಿಸಲು ಧಾರವಾಡಕ್ಕೆ ಬಸ್ ಹತ್ತುವುದು ತಪ್ಪಿದರೆ ಒಳ್ಳೆಯದೇ. ಆದರೆ ಇಂಥ ವಿಶ್ವವಿದ್ಯಾಲಯದ ಕೈಗೆ ಬರುವ ಸ್ವಂತ ದುಡ್ಡು ಅಂದರೆ ಮುಖ್ಯವಾಗಿ ಪರೀಕ್ಷೆ ಫೀ ಮತ್ತು ಅಫಿಲಿಯೇಶನ್ ಫೀ. ಕಾಲೇಜುಗಳು ಪಾಲಾದರೆ ಆ ದುಡ್ಡೂ ಪಾಲಾಗುತ್ತದೆ. ಪಿಂಚಣಿ ಕೊಡುವ ಭಾರ ಮಾತ್ರ ಹಿರಿಯಣ್ಣನ ಹತ್ತಿರವೇ ಉಳಿಯುತ್ತದೆ. ಕಿರಿಯವನಿಗೆ ಹೊಲ ಸಿಕ್ಕಿತು, ಎತ್ತು ಸಿಗಲಿಲ್ಲ. ಎರಡೇ ವರ್ಷದಲ್ಲಿ, 2025ರಲ್ಲಿ, ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೋ ಇಟ್ಟುಕೊಳ್ಳಬೇಕೋ ಅನ್ನುವ ಚರ್ಚೆ ಸಂಪುಟ ಉಪಸಮಿತಿಯವರೆಗೂ ಹೋಯಿತಲ್ಲ, ಅದರ ಬೇರು ಇಲ್ಲಿದೆ ಅಂತ ನನ್ನ ಲೆಕ್ಕ. ಪೇಪರಿನಲ್ಲಿ ಇದು ಪಕ್ಷಗಳ ಜಗಳವಾಗಿ ಬಂತು. ಪರೀಕ್ಷೆ ಫೀಯಿಂದ ಮನೆ ನಡೆಸುವ ಪದ್ಧತಿಯ ಬಗ್ಗೆ ಯಾರೂ ಮಾತಾಡಿದ್ದು ನಾನು ಕಾಣೆ.

ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆಯ ಮೇಲೆ ಬೀಳುತ್ತದೆ ಅನ್ನುತ್ತಿದ್ದರು. ಈಗ ಒಗೆದರೆ ಕೋಚಿಂಗ್ ಸೆಂಟರಿನ ಬೋರ್ಡಿಗೆ ತಾಗುತ್ತದೆ. ಸ್ವಲ್ಪ ಜೋರಾಗಿ ಒಗೆದರೆ ವಿಶ್ವವಿದ್ಯಾಲಯ. ಧಾರವಾಡದಲ್ಲಿ ಕರ್ನಾಟಕ, ಕೃಷಿ, ಐಐಟಿ, ಐಐಐಟಿ. ಹುಬ್ಬಳ್ಳಿಯಲ್ಲಿ ಕಾನೂನು, ಕೆಎಲ್ಇ ಟೆಕ್. ನಮ್ಮ ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ. ಪೇಡೆಗಿಂತ ದೊಡ್ಡ ಉದ್ಯೋಗ ಇದು. ಬಾಡಿಗೆ ಕೋಣೆ, ಖಾನಾವಳಿ, ಜೆರಾಕ್ಸ್ ಅಂಗಡಿ, ಎಲ್ಲ ನಡೆಯುವುದು ಇದರಿಂದಲೇ. ಇಷ್ಟಿದ್ದರೂ ಕಾಲೇಜು ಅನ್ನುವುದನ್ನೇ ಒಂದು ವಿಷಯವಾಗಿ ಓದಬಹುದು ಅಂತ ಇಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಹಾಲ್ ಅನ್ನುವವರು 1893ರಲ್ಲೇ ಇದರ ಕ್ಲಾಸು ಶುರು ಮಾಡಿದ್ದರು. ಕೆಸಿಡಿ ಹುಟ್ಟಲು ಇನ್ನೂ ಇಪ್ಪತ್ನಾಲ್ಕು ವರ್ಷ ಇತ್ತು.

ಹಾಗಂತ ನಮ್ಮವರು ಯಾರೂ ಇರಲಿಲ್ಲ ಅಂತಲ್ಲ. ಕೊಠಾರಿ ಆಯೋಗದ ಹೆಸರು ನೀವೆಲ್ಲ ಕೇಳಿದ್ದೀರಿ, 1964ರಿಂದ 66. ಅದರ ಸದಸ್ಯ ಕಾರ್ಯದರ್ಶಿ ಜೆ.ಪಿ. ನಾಯಕ್. ದೇಶದ ಶಿಕ್ಷಣ ಯೋಜನೆಯ ದೊಡ್ಡ ತಲೆ ಅವರು. ಅವರು 1930ರ ದಶಕದಲ್ಲಿ ಕೆಲಸ ಮಾಡಿದ್ದು ಎಲ್ಲಿ ಗೊತ್ತಾ? ಇಲ್ಲೇ, ಉಪ್ಪಿನ ಬೆಟಗೇರಿಯಲ್ಲಿ. ಓದುತ್ತಾ ಓದುತ್ತಾ ಆ ಹೆಸರು ಕಂಡಾಗ ರೈಲಿನಲ್ಲಿ ಪಕ್ಕದವರಿಗೂ ತೋರಿಸಿದೆ. ಅವರು ‘ಹೌದ್ರಿ, ನಮ್ಮ ಬೀಗರ ಊರು’ ಅಂದರು. ಕೊಠಾರಿ ವರದಿ ಸ್ವಾಯತ್ತ ಕಾಲೇಜು ಬೇಕು ಅಂದಿತ್ತು. ದುಡಿಯುವವರಿಗೆ ಸಂಜೆ ಕಾಲೇಜು, ಅಂಚೆ ಶಿಕ್ಷಣ ಬೇಕು ಅಂತಲೂ ಅಂದಿತ್ತು. ನನ್ನ ಭಾನುವಾರದ ರೈಲಿಗೆ ಹಸಿರು ಬಾವುಟ ಅಲ್ಲೇ ಎಲ್ಲೋ ಬೀಸಿರಬೇಕು.

ಇನ್ನು ನಿಮಗೆಲ್ಲ ಬೇಸರದ ವಿಷಯ, ಆಯ್ಶೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ. ಕಾಲೇಜಿನವರು ತುಂಬುವುದು ಡಿಸಿಎಫ್-2. ಯಾವ ಕೋರ್ಸು, ಯಾವ ವರ್ಷ, ಗಂಡು ಎಷ್ಟು, ಹೆಣ್ಣು ಎಷ್ಟು, ಪರಿಶಿಷ್ಟ ಜಾತಿ ಎಷ್ಟು, ಅಂಗವಿಕಲರು ಎಷ್ಟು. ಕೊನೆಯ ದಿನ ರಾತ್ರಿ ಒಂಬತ್ತರವರೆಗೆ ಕೂತು ತುಂಬಿ, ಪ್ರಾಂಶುಪಾಲರ ಒಟಿಪಿಗಾಗಿ ಅವರ ಮನೆಗೆ ಫೋನ್ ಮಾಡಿದ ನೆನಪು ನಿಮಗೂ ಇರಬೇಕು. ನಾನು ಎಷ್ಟೋ ವರ್ಷ ತುಂಬಿದೆ. ಅದು ಎಲ್ಲಿಗೆ ಹೋಗುತ್ತದೆ ಅಂತ ಒಂದು ದಿನವೂ ಕೇಳಲಿಲ್ಲ.

2024ರ ಜನವರಿಯಲ್ಲಿ 2021-22ರ ವರದಿ ಬಂತು. ಅದನ್ನು ಓದಿ ಟಿಪ್ಪಣಿ ಬರೆಯುವ ಕೆಲಸ ನನಗಿತ್ತು. ಪುಟ ತಿರುವುತ್ತಿದ್ದೆ. ಕೋಷ್ಟಕದ ತಲೆಬರಹ ಎಲ್ಲೋ ನೋಡಿದ ಹಾಗಿದೆ. ನೋಡಿದರೆ ನನ್ನದೇ ಕಾಲಂಗಳು. ನಾನು ತುಂಬಿದ ಬಿ.ಎ. ಎರಡನೇ ವರ್ಷದ ಹೆಣ್ಣುಮಕ್ಕಳು ದೇಶದ 4.33 ಕೋಟಿ ವಿದ್ಯಾರ್ಥಿಗಳ ಆ ಅಂಕಿಯೊಳಗೆ ಎಲ್ಲೋ ಕೂತಿದ್ದರು. ಒಂದು ವರ್ಷ ಅವಸರದಲ್ಲಿ ಗಂಡು ಹೆಣ್ಣು ಕಾಲಂ ಅದಲುಬದಲು ಮಾಡಿ ಕಳಿಸಿದ್ದೆ, ಅದೂ ನೆನಪಾಯಿತು. ಯಾರೂ ತಿರುಗಿ ಕೇಳಿರಲಿಲ್ಲ.

ಅದೇ ವರದಿಯಲ್ಲಿ ಜಿಇಆರ್, ಅಂದರೆ ‘ಒಟ್ಟು ದಾಖಲಾತಿ ಅನುಪಾತ’ ಅನ್ನುವುದಿದೆ. 18ರಿಂದ 23 ವಯಸ್ಸಿನ ಜನ ಎಷ್ಟಿದ್ದಾರೋ ಅದರಲ್ಲಿ ನೂರಕ್ಕೆ ಎಷ್ಟು ಜನರ ಹೆಸರು ಕಾಲೇಜಿನಲ್ಲಿದೆ ಅನ್ನುವ ಲೆಕ್ಕ. ದೇಶಕ್ಕೆ 28.4, ಕರ್ನಾಟಕಕ್ಕೆ 36.2. ಇದರಲ್ಲೊಂದು ತಮಾಷೆ ಇದೆ. ಮೇಲಿನ ಅಂಕಿಯಲ್ಲಿ ಕಾಲೇಜಿಗೆ ಸೇರಿದ ಎಲ್ಲರನ್ನೂ ಎಣಿಸುತ್ತಾರೆ, ವಯಸ್ಸು ಎಷ್ಟೇ ಇರಲಿ, ದೂರಶಿಕ್ಷಣದವರೂ ಸೇರಿ. ಕೆಳಗೆ ಭಾಗಿಸುವ ಅಂಕಿಯಲ್ಲಿ ಮಾತ್ರ 18ರಿಂದ 23ರವರು. ಅಂದರೆ ನನ್ನಂಥ ನಲವತ್ತೆರಡರವಳು ಮೇಲೆ ಇದ್ದಾಳೆ, ಕೆಳಗಿಲ್ಲ. ನಾನು ಸೇರಿದ ವರ್ಷ ಕರ್ನಾಟಕದ ಅಂಕಿಯನ್ನು ನಾನೂ ಪುಕ್ಕಟೆ ಮೇಲೆತ್ತಿದ್ದೇನೆ. ‘ಒಟ್ಟು’ ಅನ್ನುವ ಪದ ಅಲ್ಲಿ ಸುಮ್ನೆ ಇಟ್ಟಿಲ್ಲ.

ಅಮೆರಿಕದ ಮಾರ್ಟಿನ್ ಟ್ರೋ 1973ರಲ್ಲಿ ಬರೆದ ಒಂದು ಲೇಖನ ಇದೆ. ನೂರಕ್ಕೆ ಹದಿನೈದರವರೆಗೆ ಓದಿದರೆ ಕಾಲೇಜು ಗಣ್ಯರದು. ಹದಿನೈದು ದಾಟಿದರೆ ಜನಸಾಮಾನ್ಯರದು. ಐವತ್ತು ದಾಟಿದರೆ ಎಲ್ಲರದು. ಸಂಖ್ಯೆ ಬೆಳೆದರೆ ಕಾಲೇಜಿನ ಸ್ವಭಾವವೇ ಬದಲಾಗುತ್ತದೆ ಅನ್ನುವುದು ಅವರ ಮಾತು. ನಮ್ಮಲ್ಲಿ ಅದರ ಒಂದು ಭಾಗ ಮಾತ್ರ ಆಗಿದೆ. ಕಟ್ಟಡ ಬಂದಿವೆ: ಅದೇ ವರದಿಯ ಪ್ರಕಾರ ಆ ವಯಸ್ಸಿನ ಲಕ್ಷ ಜನಕ್ಕೆ ದೇಶದ ಸರಾಸರಿ 30 ಕಾಲೇಜು, ಕರ್ನಾಟಕದಲ್ಲಿ 66. ಮಕ್ಕಳೂ ಬಂದಿದ್ದಾರೆ, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು. ಆದರೆ ಕಿಟಕಿ ಇನ್ನೂ ಗಣ್ಯರ ಕಾಲದ್ದೇ. ಎಲ್ಲ ಗೊತ್ತಿದ್ದವರೇ ಬರುತ್ತಾರೆ ಅಂದುಕೊಂಡು ಕೂತಿದೆ.

ಈಗ ಟಿ.ಸಿ.ಯ ಕಾಲಂಗೆ ವಾಪಸ್ ಬರುತ್ತೇನೆ, ನನ್ನ ಡಿಸರ್ಟೇಶನ್, ಅಂದರೆ ಎಂ.ಎ.ಗೆ ಬರೆದ ಪ್ರಬಂಧ, ಅದರ ಮೇಲೆಯೇ.

ವಿದ್ಯಾರ್ಥಿಗಳು ಕಾಲೇಜನ್ನು ಯಾಕೆ ನಡುವೆ ಬಿಡುತ್ತಾರೆ ಅನ್ನುವುದಕ್ಕೆ ಎಲ್ಲರೂ ಮೊದಲು ಹೆಸರಿಸುವುದು ಅಮೆರಿಕದ ವಿನ್ಸೆಂಟ್ ಟಿಂಟೊ ಅವರನ್ನು. 1975ರ ಲೇಖನ. ಸಮಾಜದ ಜೊತೆ ನಂಟು ಸಡಿಲಾದಾಗ ಮನುಷ್ಯ ತಾನಾಗಿ ಜೀವ ಕಳೆದುಕೊಳ್ಳುತ್ತಾನೆ ಅಂತ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕೈಮ್ ಹೇಳಿದ್ದರಲ್ಲ, ಅದೇ ಎಳೆ ಹಿಡಿದು, ಪಾಠದ ಜೊತೆಗೂ ಗೆಳೆಯರ ಜೊತೆಗೂ ನಂಟು ಬೆಳೆಯದ ಹುಡುಗ ಕಾಲೇಜು ಬಿಡುತ್ತಾನೆ ಅಂತ ಟಿಂಟೊ ಹೇಳಿದರು. ಚೆನ್ನಾಗಿದೆ. ಆದರೆ ಅದರಲ್ಲಿರುವುದು ಹಾಸ್ಟೆಲ್ ಇರುವ ಕಾಲೇಜು, ಸಂಜೆ ಮೈದಾನದಲ್ಲಿ ಕೂರುವ ಹುಡುಗರು. ನಮ್ಮ ಹುಡುಗರು ಮೂರೂವರೆ ಬಸ್ಸಿಗೆ ಓಡುತ್ತಾರೆ. ಅದು ತಪ್ಪಿದರೆ ಮುಂದಿನದು ಆರಕ್ಕೆ. ಅವರಿಗೆ ಗೆಳೆತನ ಬೆಳೆಯುವುದೇ ಬಸ್ಸಿನಲ್ಲಿ. 1985ರಲ್ಲಿ ಬೀನ್ ಮತ್ತು ಮೆಟ್ಸ್‌ನರ್ ಅನ್ನುವ ಇಬ್ಬರು ಇದನ್ನೇ ಹೇಳಿದರು. ದಿನಾ ಮನೆಯಿಂದ ಓಡಾಡುವವರು, ದುಡಿಯುತ್ತಾ ಓದುವವರು, ವಯಸ್ಸಾದವರು, ಇವರ ವಿಷಯದಲ್ಲಿ ಕಾಲೇಜಿನ ಹೊರಗಿನ ಸಂಗತಿಗಳೇ ಭಾರ: ದುಡ್ಡು, ಕೆಲಸದ ಹೊತ್ತು, ಮನೆಯವರ ಆಸರೆ. ಅದನ್ನು ಓದಿದ ರಾತ್ರಿ ನಮ್ಮ ಕಾಲೇಜಿನ ಒಂದು ತರಗತಿಯ ಹಾಜರಿ ಪುಸ್ತಕ ತೆಗೆದು ನೋಡಬೇಕು ಅನಿಸಿತು.

ನೋಡಿದೆ. ಮೊದಲ ಪೀರಿಯಡ್‌ನ ‘ಗೈ’ ಅಕ್ಷರಗಳನ್ನು ಪೆನ್ಸಿಲ್‌ನಲ್ಲಿ ಸುತ್ತು ಹಾಕುತ್ತಾ ಹೋದೆ. ಪ್ರವೇಶ ಅರ್ಜಿಯಿಂದ ಊರಿನ ಹೆಸರು ಪಕ್ಕಕ್ಕೆ ಬರೆದೆ. ಬೆಳಗಾಗುವ ಹೊತ್ತಿಗೆ ಸುತ್ತುಗಳು ಗುಂಪಾಗಿದ್ದವು. ಒಂದೇ ರೂಟಿನ ನಾಲ್ಕೈದು ಊರು. ಅಧ್ಯಾಪಕರು ‘ಆ ಕಡೆ ಹುಡುಗರಿಗೆ ಓದಿನ ಮೇಲೆ ಲಕ್ಷ್ಯ ಇಲ್ಲ’ ಅನ್ನುತ್ತಿದ್ದ ಊರುಗಳೇ ಅವು. ಆ ರೂಟಿನ ಬೆಳಗಿನ ಬಸ್ಸು ಗದಗ ನಿಲ್ದಾಣಕ್ಕೆ ಬರುವ ಹೊತ್ತಿಗೆ ನಮ್ಮ ಮೊದಲ ಪೀರಿಯಡ್ ಅರ್ಧ ಮುಗಿದಿರುತ್ತಿತ್ತು. ಶೇಕಡಾ 75 ಹಾಜರಿ ಇಲ್ಲ ಅಂತ ನೋಟಿಸ್ ಬೋರ್ಡಿಗೆ ಪಟ್ಟಿ ಹಚ್ಚುತ್ತಿದ್ದವಳು ನಾನೇ.

ಬಸ್ಸೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಒಂದು ತರಗತಿಯ ಒಂದು ವರ್ಷದ ಪುಸ್ತಕ ಅದು, ಅಷ್ಟರಲ್ಲಿ ಏನೂ ಸಾಬೀತಾಗುವುದಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಆಯಿತು. ಪಾಸಿನ ದುಡ್ಡು ಉಳಿಯಿತು, ಆದರೆ ಪುಕ್ಕಟೆ ಆದ ಬಸ್ಸು ಬೇಗ ಬರಲಿಲ್ಲ. ಮನೆಗಳಿಗೂ ಹೋದೆ, ಬಿಟ್ಟುಹೋದ ಕೆಲವರ ಮನೆಗೆ. ಒಬ್ಬಳ ತಾಯಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೂತಿದ್ದರು. ನಾನು ಪುಸ್ತಕದಲ್ಲಿ ಕಲಿತ ಹಾಗೆ ಪ್ರಶ್ನೆ ಕೇಳಿದೆ. ಮಗಳು ಕಾಲೇಜು ಬಿಡಲು ಮುಖ್ಯ ಕಾರಣ ಏನು? ಅವರು ಕೈ ನಿಲ್ಲಿಸದೆ, ‘ಕಾರಣ ನೀವ ಬರದ ಕೊಟ್ಟೀರಲ್ರಿ’ ಅಂದರು. ಒಳಗೆ ಹೋಗಿ ಟಿ.ಸಿ. ತಂದು ತೋರಿಸಿದರು. ಪ್ಲಾಸ್ಟಿಕ್ ಹಾಳೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. ನನ್ನದೇ ಅಕ್ಷರ. ‘ಪಾಲಕರ ವಿನಂತಿ ಮೇರೆಗೆ.’ ‘ನಾವ್ ಯಾವಾಗ ವಿನಂತಿ ಮಾಡಿದ್ವಿ?’ ಅಂದರು.

ನಾನು ನೋಟ್‌ಬುಕ್ ಮುಚ್ಚಿದೆ. ಆಮೇಲೆ ಒಂದು ತಾಸು ಅವರ ಜೊತೆ ತೊಟ್ಟು ಮುರಿದೆ. ಆಗ ಒಂದೊಂದಾಗಿ ಬಂತು. ಎರಡನೇ ಸೆಮಿಸ್ಟರಿನ ಫೀ, ಅಣ್ಣನ ಮದುವೆಯ ಸಾಲ, ಬಸ್ಸಿನಲ್ಲಿ ಒಬ್ಬ ಕೊಡುತ್ತಿದ್ದ ಕಾಟ, ಸ್ಕಾಲರ್‌ಶಿಪ್ ಬಂದಿಲ್ಲ ಅಂತ ಕೇಳಲು ಆಫೀಸಿಗೆ ಬಂದಾಗ ಒಳಗಿನವರು ‘ಬ್ಯಾಂಕಿಗೆ ಹೋಗು’ ಅಂದಿದ್ದು. ಒಳಗಿನವರು ಯಾರು ಅಂತ ನಾನು ಕೇಳಲಿಲ್ಲ. ಆ ಕಿಟಕಿಯಲ್ಲಿ ಕೂರುವುದು ನಾನೊಬ್ಬಳೇ.

ಡಿಸರ್ಟೇಶನ್‌ನಲ್ಲಿ ಈ ಕೊನೆಯ ಸಾಲನ್ನು ಬರೆಯಲಿಲ್ಲ. ‘ಸಂಸ್ಥೆಯ ಸ್ಪಂದನೆಯ ಕೊರತೆ’ ಅಂತ ಬರೆದೆ. ಇವತ್ತು ಹೇಳುತ್ತಿದ್ದೇನೆ.

ಈಗ ಏನು ಬದಲಾಗಿದೆ ಅಂತ ಕೇಳುತ್ತೀರಿ. ಹೆಚ್ಚೇನಿಲ್ಲ. ಬಸ್ಸಿನ ಹೊತ್ತು ಬದಲಿಸಿ ಅಂತ ಪತ್ರ ಕೊಟ್ಟೆವು, ಇನ್‌ವರ್ಡ್ ನಂಬರ್ ಸಿಕ್ಕಿದೆ. ಪ್ರಾಂಶುಪಾಲರು ಮೊದಲ ಪೀರಿಯಡ್ ಇಪ್ಪತ್ತು ನಿಮಿಷ ಮುಂದಕ್ಕೆ ಹಾಕಿದರು. ಅದಕ್ಕೆ ಎರಡು ಸ್ಟಾಫ್ ಮೀಟಿಂಗ್ ಬೇಕಾಯಿತು, ಒಂದರಲ್ಲಿ ಕೂಗಾಟವೂ ಆಯಿತು. ಟಿ.ಸಿ.ಯ ಕಾಲಂನಲ್ಲಿ ಈಗಲೂ ಅದನ್ನೇ ಬರೆಯುತ್ತೇನೆ. ಬೇರೆ ಬರೆದರೆ ಆ ಹುಡುಗಿಗೆ ಮುಂದೆ ಎಲ್ಲಾದರೂ ಸೇರುವಾಗ ತೊಂದರೆ. ಆದರೆ ಪಕ್ಕದಲ್ಲಿ ಒಂದು ದೊಡ್ಡ ನೋಟ್‌ಬುಕ್ ಇಟ್ಟಿದ್ದೇನೆ. ಟಿ.ಸಿ. ಕೇಳಿ ಬಂದವರನ್ನು ಒಳಗೆ ಕರೆದು, ಕುರ್ಚಿ ಕೊಟ್ಟು, ಏನಾಯಿತು ಅಂತ ಕೇಳಿ ಅದರಲ್ಲಿ ಬರೆಯುತ್ತೇನೆ. ಕುರ್ಚಿ ಕೊಟ್ಟ ಮೇಲೆ ಇಬ್ಬರು ಟಿ.ಸಿ. ಬೇಡ ಅಂತ ಎದ್ದು ಹೋದರು. ಇನ್ನೊಬ್ಬಳು ಹೋಗಿ ಮತ್ತೆ ಬಂದು ಟಿ.ಸಿ. ತೆಗೆದುಕೊಂಡಳು.

ಮತ್ತೆ ಆ ನಾಲ್ಕು ವರ್ಷದ ಕಥೆ. 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಇತ್ತು, ಅದರ ಮಧ್ಯಂತರ ವರದಿಯ ಮೇಲೆ. ಕಾರಿಡಾರಿನಲ್ಲಿ ಎನ್‌ಇಪಿ ಬ್ಯಾಚು (ರಾಷ್ಟ್ರೀಯ ನೀತಿಯವರು), ಎಸ್‌ಇಪಿ ಬ್ಯಾಚು (ರಾಜ್ಯ ನೀತಿಯವರು) ಅಂತ ಹುಡುಗರು ಜಾತಿ ಹೇಳಿಕೊಂಡ ಹಾಗೆ ಹೇಳಿಕೊಳ್ಳುತ್ತಿದ್ದರು. ಆ ವರ್ಷವೂ ಒಬ್ಬ ತಂದೆ ಕೇಳಿದರು, ಯಾಕ್ರಿ ಬದಲಾತು? ಈ ಸಲ ಆಯೋಗದ ಹೆಸರು, ಆದೇಶ ಹೊರಟ ತಿಂಗಳು, ಯಾವ ಕಡೆಯವರ ವಾದ ಏನು, ಎಲ್ಲ ಹೇಳಿದೆ. ಐದು ನಿಮಿಷ ಬೇಕಾಯಿತು. ಹಿಂದಿನವರು ಗೊಣಗಿದರು. ಆ ತಂದೆ ಪೂರ್ತಿ ಕೇಳಿ, ‘ಅಂದ್ರ ನಮ್ಮನ್ಯಾರೂ ಕೇಳಿಲ್ಲ’ ಅಂದರು. ಅದು ಸರಿಯಾದ ಟಿಪ್ಪಣಿ. ನನ್ನ ಪರೀಕ್ಷಕರು ಅದಕ್ಕೆ ಪೂರ್ತಿ ಅಂಕ ಕೊಡಬೇಕಿತ್ತು.

(ಆಮೇಲೆ ಪ್ರಶ್ನೆಗಳು. ಎಲ್ಲ ಬರೆದಿಲ್ಲ.)

ಇದರಿಂದ ಇನ್‌ಕ್ರಿಮೆಂಟ್ ಸಿಕ್ಕಿತಾ ಅಂತ ಒಬ್ಬರು ಕೇಳಿದರು. ಇಲ್ಲ. ಬಡ್ತಿಯೂ ಇಲ್ಲ. ಸರ್ವಿಸ್ ಬುಕ್ಕಿನಲ್ಲಿ ಒಂದು ಸಾಲು ಬಂತು, ಅದನ್ನು ನಾನೇ ಬರೆದೆ, ಸಾಹೇಬರು ಸಹಿ ಹಾಕಿದರು.

ಎಲ್ಲಿ ಓದಬಹುದು ಅಂತ ಇನ್ನೊಬ್ಬರು. ಕೆಲಸ ಬಿಡದೆ ಓದುವವರಿಗೆ ಇಗ್ನೋದಲ್ಲಿ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ಉನ್ನತ ಶಿಕ್ಷಣದ ಪಿಜಿ ಡಿಪ್ಲೊಮಾ ಇದೆ, ಎಂ.ಎ. ಶಿಕ್ಷಣವೂ ಇದೆ. ಬಿಟ್ಟು ಹೋಗಬಲ್ಲವರಿಗೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಮುಂಬೈನ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ), ದಿಲ್ಲಿಯ ನೀಪಾ ಇವೆ. ನೀಪಾ ಅಂದರೆ ಶಿಕ್ಷಣದ ಯೋಜನೆ, ಆಡಳಿತಕ್ಕೆಂದೇ ಇರುವ ರಾಷ್ಟ್ರೀಯ ಸಂಸ್ಥೆ. ನಮ್ಮ ಕೆಲಸಕ್ಕೆ ಹತ್ತಿರದ್ದು ಅದು. ನಮ್ಮಂಥವರು ಅಲ್ಲಿಗೆ ಹೋಗಿದ್ದನ್ನು ನಾನಂತೂ ನೋಡಿಲ್ಲ.

ಕೊನೆಗೆ ಒಬ್ಬ ಅತಿಥಿ ಉಪನ್ಯಾಸಕರು ಎದ್ದು ನಿಂತು, ‘ಮೇಡಂ, ಮುಂದೆ ಪಿಎಚ್‌ಡಿ ಮಾಡ್ತೀರಾ?’ ಅಂತ ಕೇಳಿದರು. ನೋಟ್‌ಬುಕ್ ಅರ್ಧ ತುಂಬಿದೆ, ತುಂಬಿದ ಮೇಲೆ ಹೇಳುತ್ತೇನೆ ಅಂದೆ. ಅವರಿಗೆ ಇನ್ನೂ ಏನೋ ಕೇಳುವುದಿತ್ತು. ನನಗೂ ಹೇಳುವುದಿತ್ತು. ಆದರೆ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಗದಗಿನ ಬಸ್ ಹತ್ತಬೇಕಿತ್ತು, ಹೊತ್ತಾಗಿತ್ತು. ವಂದನಾರ್ಪಣೆ ನಡೆಯುತ್ತಿರುವಾಗಲೇ ಬ್ಯಾಗ್ ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೊರಟೆ. ನಮ್ಮ ಹುಡುಗರು ಕೊನೆಯ ಪೀರಿಯಡ್‌ನಲ್ಲಿ ಹೊರಡುವುದೂ ಅದೇ ಬಾಗಿಲಿನಿಂದ.